ರುಕ್ಮಣಿ ಕೇಳದೆ ಬಿಟ್ಟ ಪ್ರಶ್ನೆ

ಬೆಳ್ಳಿಯಪ್ಪನ ಮಗಳು ರುಕ್ಮಣಿ ಡಾಕ್ಟರಾಗಿಬಿಟ್ಟಳು ಎಂದು ಪಲ್ಲಡಂ ಪಕ್ಕದ ಅವಳ ಊರು ನಂಬಿ ಎಂಟು ತಿಂಗಳಾಗಿತ್ತು. ನಂಬಿಕೆ ಬಾರದೆ ಇದ್ದದ್ದು ಅವಳೊಬ್ಬಳಿಗೇ. ಊರಿಗೆ ಹೋದರೆ ಮೊಣಕಾಲು ನೋವಿನ ಮುದುಕಿಯರಿಂದ ಹಿಡಿದು ಹಾಲು ಕೊಡದ ಎಮ್ಮೆಯವರೆಗೆ ಎಲ್ಲರನ್ನೂ ಅವಳ ಮುಂದೆ ತಂದು ನಿಲ್ಲಿಸುತ್ತಿದ್ದರು. ಕೊಯಮತ್ತೂರಿನ ದೊಡ್ಡಾಸ್ಪತ್ರೆಗೆ ಮರಳಿದರೆ, "ಏಯ್ ಹೌಸ್ ಸರ್ಜನ್, ಈ ರಕ್ತ ಲ್ಯಾಬಿಗೆ ಕೊಟ್ಟು ಬಾ" ಎಂದು ನರ್ಸಮ್ಮ ಓಡಿಸುತ್ತಿದ್ದರು. ಅವಳು ಓಡುತ್ತಿದ್ದಳು.

ಹೌಸ್ ಸರ್ಜನ್ ಎಂಬ ಪ್ರಾಣಿಯ ಪಾಡು ಹೊರಗಿನವರಿಗೆ ಗೊತ್ತಿರುವುದಿಲ್ಲ. ಐದು ವರ್ಷಕ್ಕೂ ಮೇಲೆ ಓದಿ ಪಾಸಾದವರು ಇನ್ನೂ ಒಂದು ವರ್ಷ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರರ ಕೈಕೆಳಗೆ ದುಡಿಯಬೇಕು. ಪ್ರತಿ ವಿಭಾಗದ ಚೀಫ್ ಸಹಿ ಹಾಕಿದ ಮೇಲೇ ಪೂರ್ತಿ ಡಾಕ್ಟರು. ಹೆಸರಿನಲ್ಲಿ ಸರ್ಜನ್ ಇದೆ, ಕೈಯಲ್ಲಿ ಕತ್ತಿ ಇಲ್ಲ. ಗಾಯ ತೊಳೆಯುವುದು, ಹೊಲಿಗೆ ಹಾಕುವುದು, ಬಾಟಲಿ ಏರಿಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಬರೆಯುವುದು. ತಪ್ಪು ಯಾರು ಮಾಡಿದರೂ ಬೈಗುಳ ಕೊನೆಗೆ ಇಳಿದು ಬಂದು ನಿಲ್ಲುವುದು ಹೌಸ್ ಸರ್ಜನ್ ತಲೆಯ ಮೇಲೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರಲ್ಲ, ಆ ಕೊತ್ತಿ ಬಿಳಿ ಕೋಟು ಹಾಕಿಕೊಂಡು ಅಲ್ಲಿ ಓಡಾಡುತ್ತಿತ್ತು.

ಚೀಫ್ ಮುನಿದರೆ ಎಕ್ಸ್‌ಟೆನ್ಷನ್ ಎಂಬುದೊಂದು ಇತ್ತು. ಸಹಿ ಹಾಕದೆ, ಅದೇ ವಿಭಾಗದಲ್ಲಿ ಇನ್ನೊಂದು ತಿಂಗಳೋ ಮೂರು ತಿಂಗಳೋ ದುಡಿ ಎನ್ನುವುದು. ಜೊತೆಯವರು ಸರ್ಟಿಫಿಕೇಟು ಹಿಡಿದು ಹೊರಟಾಗ ಇವರು ಹಿಂದೆ ಉಳಿಯಬೇಕು. ಯಾಕೆ ಉಳಿದೆ ಎಂದು ಕೇಳಿದವರಿಗೆಲ್ಲ ಉತ್ತರ ಹೇಳಬೇಕು. 1985ರ ಆ ಡಿಸೆಂಬರಿನಲ್ಲಿ ರುಕ್ಮಣಿ ಡಾ. ವ್ಯಾಸರಾಯರ ಸರ್ಜರಿ ಯೂನಿಟ್ಟಿನಲ್ಲಿದ್ದಳು. ಏಪ್ರಿಲ್ಲಿಗೆ ವರ್ಷ ಮುಗಿಯಬೇಕಿತ್ತು. ಬೆಳ್ಳಿಯಪ್ಪ ಊರಲ್ಲಿ ಸಿಕ್ಕವರಿಗೆಲ್ಲ ಏಪ್ರಿಲ್ ಎಂದು ಸಾರಿಯಾಗಿತ್ತು.

ಸೋಮವಾರ ವ್ಯಾಸರಾಯರ ಯೂನಿಟ್ಟಿನ ಸರದಿ. ಅವತ್ತು ಅವರ ಹೌಸ್ ಸರ್ಜನ್ನರು ಕ್ಯಾಷುವಾಲ್ಟಿಯಲ್ಲಿ ಕೂರಬೇಕು. ಅಲ್ಲಿ ಮೇಜಿನ ಮೇಲೆ ಉದ್ದನೆಯ ಒಂದು ಪುಸ್ತಕ, ಆಕ್ಸಿಡೆಂಟ್ ರಿಜಿಸ್ಟರ್. ಬಸ್ಸು ಹೊಡೆದವರು, ಮರದಿಂದ ಬಿದ್ದವರು, ಅಣ್ಣತಮ್ಮಂದಿರಲ್ಲಿ ತಲೆ ಒಡೆದುಕೊಂಡವರು, ಯಾರೇ ಬರಲಿ, ಏನಾಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಕರೆತಂದವರು ಯಾರು ಎಂದು ಅದರಲ್ಲಿ ಏರಬೇಕು. ಬರೆಯುವುದು ಹೌಸ್ ಸರ್ಜನ್, ಸಹಿ ಡ್ಯೂಟಿ ಡಾಕ್ಟರ್ ರಾಮಲಿಂಗಂ ಅವರದು. ರಿಜಿಸ್ಟರಿನಲ್ಲಿ ನಂಬರು ಬೀಳದೆ ಆಪರೇಷನ್ ಥಿಯೇಟರಿನವರು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನಾಳೆ ಪೊಲೀಸು, ಕೋರ್ಟು, ಲೇಬರ್ ಆಫೀಸು ಎಲ್ಲರೂ ನಂಬುವುದು ಆ ಪುಸ್ತಕವನ್ನೇ.

ಮೊದಲ ದಿನವೇ ರಾಮಲಿಂಗಂ ಹೇಳಿಕೊಟ್ಟಿದ್ದರು. "ನೀನು ಪೊಲೀಸೂ ಅಲ್ಲ, ಜಡ್ಜೂ ಅಲ್ಲ. ಗಾಯ ಆದವರನ್ನ ಕೇಳು, ಅವರು ಹೇಳಿದ್ದನ್ನ ಬರಿ. ಅವರಿಗೆ ಮಾತು ಬರೋ ಸ್ಥಿತಿ ಇಲ್ಲದಿದ್ದರೆ ಮಾತ್ರ ಕರ್ಕೊಂಡು ಬಂದವರನ್ನ ಕೇಳು." ಇಷ್ಟು ಸುಲಭದ ಪಾಠ. ಎಂಟು ತಿಂಗಳಲ್ಲಿ ರುಕ್ಮಣಿ ಇದರಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಬಂದವರೆಲ್ಲ ಆಗ ಪರರೇ ಆಗಿದ್ದರು.

ಅವತ್ತು ಮಧ್ಯಾಹ್ನ ಹನ್ನೆರಡೂವರೆಗೆ ಒಂದು ಅಂಬಾಸಡರ್ ಕಾರು ಬಂದು ನಿಂತಿತು. ಇಳಿದವರು ಗೋಪಾಲಸಾಮಿ. ರುಕ್ಮಣಿಯ ತಂದೆಗೆ ದಾಯಾದಿಯಲ್ಲಿ ಅಣ್ಣ, ಅವಳಿಗೆ ದೊಡ್ಡಪ್ಪ. ಹೊಲ ಮಾಡಿಕೊಂಡಿದ್ದವರು ಹತ್ತು ವರ್ಷದ ಹಿಂದೆ ಪವರ್ ಲೂಮ್ ಹಾಕಿ, ಈಗ ಇಪ್ಪತ್ತನಾಲ್ಕು ಮಗ್ಗದ ಯಜಮಾನರು, ಊರವರ ಬಾಯಲ್ಲಿ ಗೌಡ್ರು. ಕಾರಿನ ಹಿಂದಿನ ಸೀಟಿನಿಂದ ಡ್ರೈವರು ಒಬ್ಬ ಹೆಂಗಸನ್ನು ಹಿಡಿದು ಇಳಿಸಿದ. ಬಲಗೈಗೆ ಹಳೆಯ ಬಟ್ಟೆ ಸುತ್ತಿತ್ತು. ರಕ್ತ ತೊಟ್ಟಿಕ್ಕುತ್ತಿತ್ತು. ಹೆಂಗಸಿಗೆ ಪ್ರಜ್ಞೆ ಇತ್ತು; ಹಲ್ಲು ಕಚ್ಚಿಕೊಂಡು ತಾನೇ ನಡೆದು ಬಂದಳು.

"ಕಣ್ಣು, ನೀ ಇಲ್ಲೇ ಇದ್ದೀಯಾ. ಆ ಮಾರಿಯಮ್ಮನೇ ನಿನ್ನ ಇಲ್ಲಿ ಕುಂಡ್ರಿಸಿದಾಳೆ" ಎಂದರು ಗೋಪಾಲಸಾಮಿ. ಸುತ್ತ ತಮಿಳು ಮೊರೆಯುತ್ತಿದ್ದ ಆ ಜಾಗದಲ್ಲಿ ಮನೆಯ ಮಾತು ಕೇಳಿ ರುಕ್ಮಣಿಗೆ ಹೊಟ್ಟೆಯೊಳಗೆ ತಂಪಾಯಿತು. ಎದ್ದು ನಿಂತಳು.

"ಇವಳು ನಮ್ಮ ಕನ್ನಿಯಮ್ಮಾಳ್. ನಮ್ಮೂರವಳೇ. ಮನೇಲಿ ದೋಸೆಗೆ ಮಾವು ಆಟ್ಟೋವಾಗ ಗ್ರೈಂಡರಿಗೆ ಕೈ ಕೊಟ್ಟುಬುಟ್ಟಿದಾಳೆ. ಹನ್ನೊಂದು ಗಂಟೆ ಇರಬೌದು. ಬೇಗ ಬರ್ಕೋ ಕಣ್ಣು, ರತ್ತ ಓಗ್ತಾ ಇದೆ."

ರುಕ್ಮಣಿ ಬರೆದಳು. ಸ್ವಂತ ಮನೆಯಲ್ಲಿ, ದೋಸೆಹಿಟ್ಟು ರುಬ್ಬುವಾಗ ವೆಟ್ ಗ್ರೈಂಡರಿಗೆ ಬಲಗೈ ಸಿಕ್ಕಿ, ಬೆಳಿಗ್ಗೆ ಹನ್ನೊಂದಕ್ಕೆ. ಕರೆತಂದವರು ಗೋಪಾಲಸಾಮಿ. ನಾಲ್ಕಡಿ ದೂರದಲ್ಲಿ ಸ್ಟೂಲಿನ ಮೇಲೆ ಕನ್ನಿಯಮ್ಮಾಳ್ ಕೂತಿದ್ದಳು, ಕಣ್ಣು ಬಿಟ್ಟುಕೊಂಡೇ ಕೂತಿದ್ದಳು. ಅವಳ ಕಡೆ ತಿರುಗಿ 'ಏನಾಯ್ತು' ಎಂದು ಒಂದು ಮಾತು ಕೇಳಬೇಕಿತ್ತು. ರುಕ್ಮಣಿ ಕೇಳಲಿಲ್ಲ.

ಅದು ಮರೆವಲ್ಲ, ಅವಸರವೂ ಅಲ್ಲ. ಅವರ ಮನೆಗಳಲ್ಲಿ ದೊಡ್ಡವರು ಒಂದು ಮಾತು ಹೇಳಿದ ಮೇಲೆ ಅದೇ ಮಾತನ್ನು ಇನ್ನೊಬ್ಬರ ಹತ್ತಿರ ಕೇಳುವುದೆಂದರೆ, ದೊಡ್ಡವರ ಮುಖಕ್ಕೇ ನೀವು ಸುಳ್ಳರು ಎಂದಂತೆ. ರುಕ್ಮಣಿ ಏಳು ವರ್ಷದವಳಿದ್ದಾಗ ಹಸು ಬೆಳಗಿನ ಜಾವ ಕರು ಹಾಕಿತು ಎಂದು ಚಿಕ್ಕಪ್ಪ ಹೇಳಿದ್ದರು. ಅವಳು ಹೋಗಿ ಹಸು ಮೇಯಿಸುವವನನ್ನೂ ಕೇಳಿದ್ದಳು, ಕರು ಯಾವಾಗ ಹುಟ್ಟಿತು ಎಂದು. ತಾಯಿ ಸಾಮಿಯಾತಾಳ್ ತೊಡೆ ಚಿವುಟಿದ ಗುರುತು ಮೂರು ದಿನ ಇತ್ತು. ಆಮೇಲೆ ಯಾರೂ ಚಿವುಟುವ ಅಗತ್ಯ ಬೀಳಲಿಲ್ಲ. ಅದೂ ಅಲ್ಲದೆ ಈ ದೊಡ್ಡಪ್ಪ ಎಂಥವರು! ಪಿಯುಸಿ ಮುಗಿದಾಗ ಮದುವೆ ಮಾಡಿಬಿಡುತ್ತೇನೆ ಎಂದು ಕೂತಿದ್ದ ಬೆಳ್ಳಿಯಪ್ಪನ ಜಗುಲಿಗೆ ಬಂದು, "ಹೆಣ್ಣು ಪುಳ್ಳೆ ಓದ್ಲಿ. ಊರು ಏನಾದ್ರೂ ಅಂದ್ರೆ ನನ್ನ ಹೆಸರು ಹೇಳು" ಎಂದವರು. ಆ ಒಂದು ಮಾತಿನ ಮೇಲೆ ರುಕ್ಮಣಿ ಮೆಡಿಕಲ್ ಕಾಲೇಜಿನ ಮೆಟ್ಟಿಲು ಹತ್ತಿದ್ದಳು.

ರಾಮಲಿಂಗಂ ಬಂದು ಪುಟದ ಕೆಳಗೆ ಸಹಿ ಎಳೆದು ಹೋದರು. ನಂಬರು ಬಿತ್ತು. ರುಕ್ಮಣಿ ಕನ್ನಿಯಮ್ಮಾಳನ್ನು ಪರದೆಯ ಹಿಂದೆ ಮಲಗಿಸಿ ಕೈಯ ಬಟ್ಟೆ ಬಿಚ್ಚಿದಳು. ಸಲೈನ್ ಸುರಿದಳು. ಗಾಯದಿಂದ ಉದ್ದಿನ ಹಿಟ್ಟು ಬರಲಿಲ್ಲ, ಅಕ್ಕಿಯ ಹಿಟ್ಟೂ ಬರಲಿಲ್ಲ. ಕರೀ ಗ್ರೀಸು ಬಂತು. ನಡುಬೆರಳಿನ ಉಳಿದ ತುಂಡಿಗೆ ಬಿಳಿಯ ನೂಲು ನಾಲ್ಕು ಸುತ್ತು ಬಿಗಿದುಕೊಂಡಿತ್ತು. ಪಲ್ಲಡಂ ಸೀಮೆಯಲ್ಲಿ ಹುಟ್ಟಿದವರಿಗೆ ಪವರ್ ಲೂಮಿನ ಆ ಗ್ರೀಸಿನ ವಾಸನೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆರಳುಗಳ ಮೇಲೆ ಸಮ ಅಂತರದಲ್ಲಿ ಹಲ್ಲಿನ ಗುರುತುಗಳಿದ್ದವು. ಗ್ರೈಂಡರಿನ ಕಲ್ಲಿಗೆ ಹಲ್ಲಿರುವುದಿಲ್ಲ.

ಅವಳು ಫೋರ್ಸೆಪ್ಸಿನಿಂದ ನೂಲು ಬಿಡಿಸಿ ಟ್ರೇಗೆ ಹಾಕಿದಳು. ಪರದೆಯ ಸಂದಿನಿಂದ ನೋಡಿದಳು. ಗೋಪಾಲಸಾಮಿ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದರು. ಕನ್ನಿಯಮ್ಮಾಳ್ ಅವಳನ್ನೇ ನೋಡುತ್ತಿದ್ದಳು. ಆಯಾ ಬಂದು ಟ್ರೇಯಲ್ಲಿದ್ದುದನ್ನು ಹತ್ತಿಯ ಜೊತೆ ಬಕೆಟ್ಟಿಗೆ ಸುರಿದು ಹೋದಳು.

ಹೆಂಗಸನ್ನು ಥಿಯೇಟರಿಗೆ ಕಳಿಸಿದ ಮೇಲೆ ರುಕ್ಮಣಿ ರಾಮಲಿಂಗಂ ಹತ್ತಿರ ಹೋಗಿ, ಇದು ಮಗ್ಗದ ಗಾಯ, ಬರೆದದ್ದನ್ನು ತಿದ್ದಬೇಕು ಎಂದಳು. ಅವರು ಊಟದ ಡಬ್ಬಿ ಬಿಚ್ಚುತ್ತಿದ್ದರು.

"ಸಹಿ ಬಿದ್ದಿದೆ. ಆ ಪುಸ್ತಕದಲ್ಲಿ ಒಂದು ಗೆರೆ ಹೊಡೆದರೆ ನೀನೂ ನಾನೂ ಎರಡು ವರ್ಷ ಕೋರ್ಟಿಗೆ ಅಲೀಬೇಕು. ನಿನಗೆ ಹಾಗಂತ ಹೇಳಿದ್ದು ಯಾರು? ಪೇಷಂಟಾ?"

"ಇಲ್ಲ ಸಾರ್. ಗಾಯ ನೋಡಿದರೆ ಗೊತ್ತಾಗುತ್ತೆ."

"ಗಾಯಕ್ಕೆ ಬಾಯಿಲ್ಲ. ಹೋಗು, ಊಟ ಮಾಡು."

ಅವರು ಬೇಡ ಎಂದದ್ದಕ್ಕೆ ರುಕ್ಮಣಿಗೆ ಒಳಗೊಳಗೇ ಸಮಾಧಾನವಾಯಿತು. ಅದಕ್ಕಾಗಿ ಅವಳು ಮುಂದೆ ಎಷ್ಟೋ ದಿನ ತನ್ನನ್ನು ತಾನೇ ಕ್ಷಮಿಸಿಕೊಳ್ಳಲಿಲ್ಲ. ದೊಡ್ಡಪ್ಪನ ಮುಂದೆ ನಿಂತು ಕೇಳುವ ಕೆಲಸ ತಪ್ಪಿತಲ್ಲ ಎಂದು ಮೆಸ್ಸಿಗೆ ಹೋಗಿ ರಸದ ಅನ್ನ ಉಂಡಳು. ಅಷ್ಟೂ ಉಂಡಳು.

ಕನ್ನಿಯಮ್ಮಾಳಿನ ಬಲಗೈಯಲ್ಲಿ ಮೂರು ಬೆರಳು ಹೋದವು. ತೋರುಬೆರಳು, ನಡುಬೆರಳು, ಉಂಗುರದ ಬೆರಳು. ಹೆಬ್ಬೆರಳೂ ಕಿರುಬೆರಳೂ ಬ್ಯಾಂಡೇಜಿನೊಳಗೆ ಇದ್ದವು. ದಿನಾ ಬೆಳಿಗ್ಗೆ ಡ್ರೆಸ್ಸಿಂಗ್ ಮಾಡುವ ಕೆಲಸ ರುಕ್ಮಣಿಯದು. ಯಾರ ಕೈಬರಹ ಅವಳನ್ನು ಮನೆಯ ಗ್ರೈಂಡರಿಗೆ ಕಟ್ಟಿಹಾಕಿತ್ತೋ ಅವರೇ ದಿನಾ ಬಂದು ಅವಳ ಗಾಯ ಒರೆಸಬೇಕು. ಮೂರನೆಯ ದಿನ ರುಕ್ಮಣಿ ಗಾಜ್ ಬಿಚ್ಚುತ್ತಾ ಮೆಲ್ಲಗೆ ಕೇಳಿದಳು.

"ಅಕ್ಕಾ, ಇದು ಗ್ರೈಂಡರಿಂದ ಆದದ್ದಲ್ಲ ಅಲ್ವಾ?"

ಕನ್ನಿಯಮ್ಮಾಳ್ ಮೇಲಿನ ಫ್ಯಾನು ನೋಡುತ್ತಿದ್ದಳು. "ಗೌಡ್ರು ಹೇಳಿದ್ದ ಬರ್ದುಟ್ಯಲ್ಲಾ ಕಣ್ಣು. ಬರ್ದದ್ದು ಬರ್ದಾಯ್ತು, ಬುಡು" ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ರುಕ್ಮಣಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಗುರುವಾರ ಅವಳ ತಮ್ಮ ಮಾರಪ್ಪನ್ ಬಂದ. ತಿರುಪ್ಪೂರು ಪಲ್ಲಡಂ ನಡುವೆ ಓಡುವ ಬಸ್ಸಿನಲ್ಲಿ ಕಂಡಕ್ಟರು. ಅವನಿದ್ದದ್ದು ಬೇರೆ ಊರು, ರುಕ್ಮಣಿಯ ಗುರುತು ಅವನಿಗಿರಲಿಲ್ಲ. ಖಾಕಿ ಅಂಗಿ ಹಾಗೇ ಇತ್ತು. ಬೆಳಿಗ್ಗೆಯೇ ಲೇಬರ್ ಆಫೀಸಿಗೆ ಹೋಗಿದ್ದನಂತೆ. ಕೆಲಸದ ಜಾಗದಲ್ಲಿ ಕೈ ಹೋದರೆ ಮಾಲೀಕ ಪರಿಹಾರ ಕೊಡಲೇಬೇಕು, ಅದು ಕಾನೂನು. ಆದರೆ ಆಸ್ಪತ್ರೆಯ ಪುಸ್ತಕದಲ್ಲಿ ಮನೆ ಎಂದು ಇದ್ದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದರಂತೆ ಅಲ್ಲಿನವರು.

"ನೀವು ಕನ್ನಡದವರಾ ಅಮ್ಮ?" ಎಂದು ಅವನು ವರಾಂಡದಲ್ಲಿ ರುಕ್ಮಣಿಯನ್ನು ನಿಲ್ಲಿಸಿ ಕೇಳಿದ. "ಹಾಗಾದ್ರೆ ನಿಮ್ಮ ಹತ್ರಾನೇ ಕೇಳ್ತೀನಿ. ಆ ಗ್ರೈಂಡರ್ ಅಂತ ಬರೆದ ಡಾಕ್ಟರು ಯಾರು? ಒಂದು ದಪ ಅವರ ಕಾಲಿಗೆ ಬಿದ್ದಾದ್ರೂ ಸರಿಮಾಡಿಸ್ಕೋಬೇಕು."

ರುಕ್ಮಣಿ ಬಾಯಿ ತೆರೆದಳು. ನಾನೇ ಎನ್ನಬೇಕೆಂದಿದ್ದಳು. "ವಿಚಾರಿಸ್ತೀನಿ" ಎಂದಳು. ಅವನು ಕೈಮುಗಿದು ಬಸ್ಸಿನ ಹೊತ್ತಾಯಿತೆಂದು ಓಡಿದ. ಅವನ ಹಿಂದೆ ಓಡಿಹೋಗಿ ಹೇಳಬೇಕೆನಿಸಿತು. ಓಡಲಿಲ್ಲ. ಇಷ್ಟು ಓದಿ ಕೊನೆಗೆ ತಾನು ಇಂಥ ಹೇಡಿಯೇ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಭಾನುವಾರ ಗಾಂಧಿಪುರಂನಲ್ಲಿ ಬಸ್ಸು ಹತ್ತಿ ಊರಿಗೆ ಹೋದಳು. ಬೆಳ್ಳಿಯಪ್ಪ ಜಗುಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಮಗಳನ್ನು ನೋಡಿ ಮುಖ ಅರಳಿತು.

"ದೊಡ್ಡಪ್ಪ ಬಂದಿದ್ರು ಕಣ್ಣು. ಪುಳ್ಳೆ ಆಸ್ಪತ್ರೀಲಿ ರಾಣಿ ತರ ಕುಂತಿತ್ತು, ನಮ್ಮ ಮಾತಿಗೆ ಎಷ್ಟು ಮರ್ಯಾದೆ ಕೊಡ್ತು ಅಂತ ಹತ್ತು ಜನದ ಮುಂದೆ ಹೇಳಿದ್ರು."

ರುಕ್ಮಣಿ ಎಲ್ಲ ಹೇಳಿದಳು. ಗ್ರೀಸು, ನೂಲು, ರಿಜಿಸ್ಟರು, ಮಾರಪ್ಪನ್. ಬೆಳ್ಳಿಯಪ್ಪ ಎಲೆ ಮಡಚಿ ಬಾಯಿಗಿಟ್ಟುಕೊಳ್ಳದೆ ಕೈಯಲ್ಲೇ ಹಿಡಿದುಕೊಂಡ.

"ಅವರ ಮಗ್ಗದ ತರೀಲಿ ಹಲ್ಲುಚಕ್ರಕ್ಕೆ ಮುಚ್ಚಳ ಇಲ್ಲ ಅಂತ ಊರಿಗೆಲ್ಲ ಗೊತ್ತು. ಬೆಕ್ಕಿನ ಕುತ್ತಿಗೆಗೆ ಗಂಟೆ ಕಟ್ಟೋರು ಯಾರು?" ಎಂದ. ಬೀದಿಯ ಕಡೆ ಒಮ್ಮೆ ನೋಡಿ, "ಅವರೇನು ಕೆಟ್ಟೋರಲ್ಲ. ಅವಳ ಕುಟುಂಬಾನ ಬುಡೋದಿಲ್ಲ. ಅಕ್ಕಿ ಕಳಿಸ್ತಾರೆ. ಮಗಳು ಅಲ್ಲೇ ಕೆಲಸಕ್ಕೆ ಇದಾಳೆ. ಆ ಪುಸ್ತಕದಲ್ಲಿ ನೀ ಬರೀದಿದ್ರೆ ಇನ್ಯಾರಾದ್ರೂ ಅದನ್ನೇ ಬರೀತಿದ್ರು" ಎಂದ.

"ಇನ್ಯಾರಾದ್ರೂ ಆಗಿದ್ರೆ ಅವಳನ್ನ ಕೇಳಿರ್ತಿದ್ರು ಅಪ್ಪ" ಎಂದಳು ರುಕ್ಮಣಿ.

ಬೆಳ್ಳಿಯಪ್ಪ ಕೈಯಲ್ಲಿದ್ದ ಎಲೆಯನ್ನು ತಟ್ಟೆಗೆ ಹಾಕಿದ. ಮಗಳನ್ನು ಬಸ್ಸು ಹತ್ತಿಸುವಾಗ ಅವನು ಕೇಳಿದ್ದು ಒಂದೇ ಮಾತು, "ಏಪ್ರಿಲ್ಲಿಗೆ ಮುಗೀತದೆ ಅಲ್ವಾ?" ಅವಳು ಮುಗಿಯುತ್ತದೆ ಎಂದಳು.

ಮಂಗಳವಾರ ಚೀಫ್ ರೌಂಡ್ಸ್. ಬೆಳಿಗ್ಗೆ ಒಂಬತ್ತಕ್ಕೆ ಬರಬೇಕಾದ ವ್ಯಾಸರಾಯರು ಒಂದು ಎಮರ್ಜೆನ್ಸಿಯಲ್ಲಿ ಸಿಕ್ಕಿಬಿದ್ದು ವಾರ್ಡಿಗೆ ಕಾಲಿಟ್ಟಾಗ ಸಂಜೆ ನಾಲ್ಕಾಗಿತ್ತು. ರೋಗಿಗಳನ್ನು ನೋಡಲು ಬರುವವರ ಹೊತ್ತು ಅದು. ಕನ್ನಿಯಮ್ಮಾಳಿನ ಮಂಚದ ಪಕ್ಕ ಗೋಪಾಲಸಾಮಿ ನಿಂತಿದ್ದರು, ಕೈಯಲ್ಲಿ ಬ್ರೆಡ್ಡು, ಕಿತ್ತಳೆ ಹಣ್ಣು. ಅವರನ್ನು ಹೊರಗೆ ಕಳಿಸುವ ಧೈರ್ಯ ಆಯಾಳಿಗೆ ಆಗಿರಲಿಲ್ಲ.

ವ್ಯಾಸರಾಯರು ಕೊಯಮತ್ತೂರಿನ ಹಳೆಯ ಕನ್ನಡ ಮನೆತನದವರು, ಆದರೆ ಆಸ್ಪತ್ರೆಯಲ್ಲಿ ಅವರ ಬಾಯಲ್ಲಿ ಕನ್ನಡ ಕೇಳಿದವರಿಲ್ಲ. ಕೋಪವನ್ನೂ ಇಂಗ್ಲಿಷಿನಲ್ಲೇ ಮಾಡುತ್ತಿದ್ದರು. ರೌಂಡ್ಸಿನಲ್ಲಿ ಪ್ರತಿ ರೋಗಿಯ ಕಥೆಯನ್ನು ಹೌಸ್ ಸರ್ಜನ್ ನಿಂತು ಒಪ್ಪಿಸಬೇಕು. ಪಾಠ ಒಪ್ಪಿಸುವ ಹಾಗೆ. ಹಿಂದೆ ಅಸಿಸ್ಟೆಂಟರು, ನರ್ಸು, ಉಳಿದ ಹೌಸ್ ಸರ್ಜನ್ನರು. ಒಂಬತ್ತನೆಯ ಮಂಚದ ಮುಂದೆ ಎಲ್ಲರೂ ನಿಂತರು.

"ಕನ್ನಿಯಮ್ಮಾಳ್, ಮೂವತ್ತಾರು ವಯಸ್ಸು" ಎಂದು ರುಕ್ಮಣಿ ಶುರುಮಾಡಿದಳು. "ಪವರ್ ಲೂಮಿನ ಹಲ್ಲುಚಕ್ರಕ್ಕೆ ಬಲಗೈ ಸಿಕ್ಕಿ..."

ವ್ಯಾಸರಾಯರು ಕೇಸ್ ಶೀಟಿನಿಂದ ಕಣ್ಣೆತ್ತಿದರು. "ಇಲ್ಲಿ ಗ್ರೈಂಡರ್ ಅಂತ ಇದೆ."

"ಆಕ್ಸಿಡೆಂಟ್ ರಿಜಿಸ್ಟರಿಂದ ಇಳಿಸಿಕೊಂಡದ್ದು ಸಾರ್. ರಿಜಿಸ್ಟರಿನಲ್ಲಿ ಹಾಗೆ ಬರೆದವಳು ನಾನೇ. ಅದು ತಪ್ಪು."

"ನಿನಗೆ ಹೇಳಿದವರು ಯಾರು?"

"ಕರೆದುಕೊಂಡು ಬಂದವರು."

"ಪೇಷಂಟಿಗೆ ಪ್ರಜ್ಞೆ ಇತ್ತಾ?"

"ಇತ್ತು ಸಾರ್. ನಾನು ಕೇಳಲಿಲ್ಲ."

ಹಿಂದೆ ನಿಂತಿದ್ದವರಲ್ಲಿ ಯಾರೋ ಕೆಮ್ಮಿದರು. ವ್ಯಾಸರಾಯರು ಶೀಟನ್ನು ನರ್ಸಿನ ಕೈಗೆ ಕೊಟ್ಟು ಮಂಚದ ಕಡೆ ಬಗ್ಗಿದರು. ಹೆಂಗಸಿನ ಮನೆಮಾತು ಯಾವುದೆಂದು ಅವರಿಗೆ ಹೇಗೆ ತಿಳಿಯಿತೋ, ಕನ್ನಡದಲ್ಲೇ ಕೇಳಿದರು. "ಏನಮ್ಮಾ, ನಿಮ್ಮ ಕೈ ಯಾವುದಕ್ಕೆ ಸಿಕ್ಕಿಕೊಂಡಿತು?"

ಕನ್ನಿಯಮ್ಮಾಳ್ ಚೀಫ್ ಮುಖ ನೋಡಲಿಲ್ಲ. ಗೋಪಾಲಸಾಮಿಯ ಮುಖವನ್ನೂ ನೋಡಲಿಲ್ಲ. ಅವರ ಕಾಲಿನ ಚಪ್ಪಲಿ ನೋಡಿದಳು. "ಗ್ರೈಂಡರಿಗೆ ಸಾಮಿ" ಎಂದಳು.

ಮುಗಿಯಿತು. ವ್ಯಾಸರಾಯರು ನೆಟ್ಟಗೆ ನಿಂತು ರುಕ್ಮಣಿಯತ್ತ ಒಂದು ನೋಟ ನೋಡಿ ಹತ್ತನೆಯ ಮಂಚಕ್ಕೆ ತಿರುಗಿದರು. ಗೋಪಾಲಸಾಮಿಗೆ ಗೆದ್ದ ಹಿಗ್ಗೇನೂ ಇರಲಿಲ್ಲ, ನಿಜವಾಗಿಯೂ ಮರುಕದಿಂದಲೇ ಹೇಳಿದರು. "ಪುಳ್ಳೆಗೆ ಆಸ್ಪತ್ರೆ ವೇಲೆ ಜಾಸ್ತಿ ಸಾರ್, ತಲೆ ಕೊಳಪ್ಪಿಕೊಂಡು ಏನೋ ಅಂದುಬುಡ್ತು. ತಪ್ಪು ತಿಳ್ಕೋಬೇಡಿ."

ರುಕ್ಮಣಿಗೆ ಆಗ ಹೊಳೆಯಿತು. ಒಂದು ವಾರದ ಹಿಂದೆ ಅವಳು ಯಾವ ಮಾತನ್ನು ಯಾರ ಮುಂದೆ ಕೇಳಲಾರದೆ ಹೋಗಿದ್ದಳೋ, ಇವತ್ತು ಅದೇ ಮಾತಿಗೆ ಅವರ ಮುಂದೆಯೇ ಉತ್ತರ ಹೇಳು ಎಂದು ಈ ಬಡಪಾಯಿಯನ್ನು ನಿಲ್ಲಿಸಿದ್ದಳು. ಡಾಕ್ಟರ್ ಆದ ತನಗೇ ಬಾಯಿ ಬರಲಿಲ್ಲ. ಅವರ ಮಗ್ಗದಲ್ಲಿ ದುಡಿಯುವವಳಿಗೆ ಎಲ್ಲಿಂದ ಬರಬೇಕು?

"ದೊಡ್ಡಪ್ಪ" ಎಂದಳು. "ನೀವು ಆಚೆ ಓಗಿ."

ಗೋಪಾಲಸಾಮಿಗೆ ಕೇಳಿಸಿತು, ಆದರೆ ಅರ್ಥವಾಗಲಿಲ್ಲ. "ಯಾರು, ನಾನಾ?"

"ಹೂಂ ದೊಡ್ಡಪ್ಪ. ಇವರ ಹತ್ರ ನಾನು ಒಂದು ಮಾತು ಕೇಳಬೇಕು. ನೀವಿದ್ರೆ ಆಗಲ್ಲ. ಆಚೆ ಓಗಿ."

ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಹಿರಿಯರೊಬ್ಬರಿಗೆ ಎದುರು ನಿಂತು ಹೋಗಿ ಎಂದದ್ದು ಅದೇ ಮೊದಲು. ಗೋಪಾಲಸಾಮಿ ಬ್ರೆಡ್ಡನ್ನು ಸ್ಟೂಲಿನ ಮೇಲಿಟ್ಟರು, ಹಣ್ಣು ಇಟ್ಟರು. "ನಿಮ್ಮಪ್ಪನ ಹತ್ರ ಮಾತಾಡ್ತೀನಿ" ಎಂದಷ್ಟೇ ಹೇಳಿ ನಡೆದರು. ಹತ್ತನೆಯ ಮಂಚದ ಹತ್ತಿರ ವ್ಯಾಸರಾಯರು ನಿಂತು ತಿರುಗಿ ನೋಡುತ್ತಿದ್ದರು.

ರುಕ್ಮಣಿ ಸ್ಟೂಲಿನ ಪಕ್ಕ ನೆಲದ ಮೇಲೆ ಮಂಡಿಯೂರಿದಳು. "ಅಕ್ಕಾ, ಆವತ್ತೇ ನಿಮ್ಮನ್ನ ಕೇಳಬೇಕಿತ್ತು. ದೊಡ್ಡಪ್ಪನ ಮುಂದೆ ನನಗೆ ಬಾಯಿ ಬರಲಿಲ್ಲ. ತಪ್ಪು ನಂದು. ಈಗ ಕೇಳ್ತಾ ಇದೀನಿ. ಏನಾಯ್ತು?"

ಕನ್ನಿಯಮ್ಮಾಳ್ ಬಾಗಿಲ ಕಡೆ ನೋಡಿದಳು. "ನನ್ನ ಮಗಳು ಚಂದ್ರಾ ಅಲ್ಲೇ ನೂಲು ಸುತ್ತುತಾಳೆ ಕಣ್ಣು. ನಾ ಬಾಯಿ ಬುಟ್ರೆ ನಾಳೆ ಅವಳ್ನ ವೇಲೆಗೆ ಬರಬೇಡ ಅಂತಾರೆ."

"ಅನ್ನಬಹುದು" ಎಂದಳು ರುಕ್ಮಣಿ. "ಅನ್ನಲ್ಲ ಅಂತ ನಾನು ಸುಳ್ಳು ಹೇಳಲಾರೆ. ನೀವು ಗ್ರೈಂಡರ್ ಅಂದ್ರೆ ಗ್ರೈಂಡರ್ ಅಂತಲೇ ಇರ್ಲಿ. ಆದ್ರೆ ನಿಮ್ಮ ಬಾಯಿಂದ ಬಂದದ್ದು ಇರ್ಲಿ."

ಕನ್ನಿಯಮ್ಮಾಳ್ ಕೋಲಿಗೆ ಎತ್ತಿ ಕಟ್ಟಿದ್ದ ತನ್ನ ಬಲಗೈಯನ್ನು ನೋಡಿದಳು, ಬೇರೆ ಯಾರದೋ ಕೈ ನೋಡುವ ಹಾಗೆ. ಆಮೇಲೆ ಎಡಗೈಯಿಂದ ಕಣ್ಣು ಒರೆಸಿಕೊಂಡಳು. ಒಂದು ವಾರದಲ್ಲಿ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ.

"ನಮ್ಮನೇಲಿ ಕರೆಂಟೇ ಇಲ್ಲ ಕಣ್ಣು" ಎಂದಳು. "ಗ್ರೈಂಡರ್ ಎಲ್ಲಿಂದ ಬಂತು? ನಾ ಮಾವು ಆಟ್ಟೋದು ಒರಳಲ್ಲಿ. ತರೀಲಿ ನೂಲು ಸಿಕ್ಕೊಂಡಿತ್ತು. ಓಡ್ತಾ ಇರೋವಾಗ್ಲೇ ಬುಡಿಸು, ನಿಲ್ಸಬೇಡ ಅಂದ್ರು ಗೌಡ್ರು. ಬುಡಿಸೋಕೆ ಓದೆ."

ವ್ಯಾಸರಾಯರು ಹಿಂದಕ್ಕೆ ಬಂದು ನರ್ಸಿನ ಕೈಯಿಂದ ಕೇಸ್ ಶೀಟು ತೆಗೆದುಕೊಂಡು ರುಕ್ಮಣಿಗೆ ಕೊಟ್ಟರು. "ಹಳೆಯದರ ಒಂದು ಅಕ್ಷರವನ್ನೂ ಹೊಡೀಬೇಡ. ಕೆಳಗೆ ಇವತ್ತಿನ ತಾರೀಖು ಹಾಕಿ, ಈಕೆ ಹೇಳಿದ್ದನ್ನ ಈಕೆಯ ಮಾತಲ್ಲೇ ಬರಿ. ಆವತ್ತು ನೀನು ಕೇಳಲಿಲ್ಲ ಅನ್ನೋದನ್ನೂ ಬರಿ. ನಾನು ಸಹಿ ಹಾಕ್ತೀನಿ. ಲೇಬರ್ ಆಫೀಸಿನವರು ಇದನ್ನ ಒಪ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ." ಪೆನ್ನಿನ ಮುಚ್ಚಳ ತೆಗೆಯುತ್ತಾ ಅದೇ ಧ್ವನಿಯಲ್ಲಿ ಮುಂದುವರಿಸಿದರು. "ಪ್ರಜ್ಞೆ ಇರೋ ಪೇಷಂಟನ್ನ ಕೇಳದೆ ಬರೆದದ್ದಕ್ಕೆ ನಿನಗೆ ಮೂರು ತಿಂಗಳು ಎಕ್ಸ್‌ಟೆನ್ಷನ್."

ಏಪ್ರಿಲ್ ಹೋಯಿತು. ಅಪ್ಪ ಜಗುಲಿಯ ಮೇಲೆ ಯಾರಿಗೆ ಏನು ಹೇಳುತ್ತಾನೋ, ದೊಡ್ಡಪ್ಪ ಇಷ್ಟು ಹೊತ್ತಿಗೆ ಕಾರಿನಲ್ಲಿ ಎಲ್ಲಿಯವರೆಗೆ ಹೋಗಿರುತ್ತಾರೋ ಎಂದು ಯೋಚಿಸುತ್ತಾ ರುಕ್ಮಣಿ ಬರೆದಳು. ಬರೆದದ್ದನ್ನು ತಮಿಳಿನಲ್ಲೂ ಕನ್ನಡದಲ್ಲೂ ಓದಿ ಹೇಳಿದಳು. ಕನ್ನಿಯಮ್ಮಾಳ್ ತಲೆಯಾಡಿಸಿದಳು. ಕೆಳಗೆ ರೋಗಿಯ ಗುರುತು ಬೇಕು. ರುಕ್ಮಣಿ ಇಂಕ್ ಪ್ಯಾಡ್ ತೆರೆದು ಅವಳ ಎಡಗೈ ಹಿಡಿಯಲು ಹೋದಳು.

ಕನ್ನಿಯಮ್ಮಾಳ್ ಕೈ ಹಿಂದೆ ತೆಗೆದುಕೊಂಡಳು. "ನಾ ಕೈನಾಟ್ಟಲ್ಲ ಕಣ್ಣು, ಬೆರಳು ಒತ್ತೋಳಲ್ಲ. ಐದಾವತು ಕ್ಲಾಸು ಓದಿದೀನಿ. ಸಂಬಳದ ಪುಸ್ತಕದಲ್ಲಿ ನಮ್ಮ ಸಾಲಲ್ಲಿ ಹೆಸರು ಬರೆಯೋಳು ನಾನೊಬ್ಬಳೇ. ಪೇನಾ ಕುಡು."

ರುಕ್ಮಣಿ ಪೆನ್ನು ಕೊಟ್ಟಳು. ಅವಳು ಎಡಗೈಯಲ್ಲಿ ಹಿಡಿದುಕೊಂಡಳು. ಶೀಟು ಜಾರದಂತೆ ನರ್ಸು ಒತ್ತಿ ಹಿಡಿದಳು. ಮೊದಲನೆಯ ಅಕ್ಷರ ದೊಡ್ಡದಾಗಿ ಓರೆಯಾಗಿ ಬಂತು, ಎರಡನೆಯದು ಗೆರೆ ಬಿಟ್ಟು ಕೆಳಗಿಳಿಯಿತು. ಮೂರನೆಯದರ ನಡುವೆ ಪೆನ್ನು ಬೆರಳಿಂದ ಜಾರಿ ಹೊದಿಕೆಯ ಮೇಲೆ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. ಚೀಫ್ ಕೂಡ ಕಾದು ನಿಂತಿದ್ದರು. ಕನ್ನಿಯಮ್ಮಾಳ್ ತಾನು ಬರೆದದ್ದನ್ನು ಸ್ವಲ್ಪ ಹೊತ್ತು ನೋಡಿದಳು.

"ಸಾಕು" ಎಂದಳು. "ಬೆರಳೇ ಒತ್ತಿಕೋ."

ರುಕ್ಮಣಿ ಅವಳ ಎಡಗೈ ಹೆಬ್ಬೆರಳಿಗೆ ಮಸಿ ಹಚ್ಚಿ, ಆ ಎರಡೂವರೆ ಅಕ್ಷರದ ಪಕ್ಕದಲ್ಲಿ ಒತ್ತಿದಳು.